ಪರದೆ ಬೇಡವೆಂದ ಮೇಡಂ

ಹೊಸ ಟ್ಯಾಬ್ ಬಂದ ಮೇಲೆ ಮನೆಯ ಹಳೇ ಕಂಪ್ಯೂಟರ್ ಯಾಕೆ ಅಂತ ಅದನ್ನು ಮಾರಲು ಹೊರಟಿದ್ದೆ. ಕೊಳ್ಳಲು ಮುಂದೆ ಬಂದವರು ಇಲ್ಲೇ ಧನಕವಡಿ ಬಡಾವಣೆಯ ಕಾಲೇಜಿನಲ್ಲಿ ಪಾಠ ಹೇಳುವ, ವಿಜಯಪುರದ ಕಡೆಯ ಮೇಡಂ. ಫೋನಿನಲ್ಲಿ ನಾನು ಪರದೆಯನ್ನೇ ಹೊಗಳಿದ್ದೆ. ಅವರು ಬರುವ ಮುಂಚೆ ಅದನ್ನು ಉಜ್ಜಿ ಉಜ್ಜಿ ಒರೆಸಿಯೂ ಇಟ್ಟೆ. ಬಾಗಿಲು ತೆಗೆದರೆ ಅವರ ಕೈಯಲ್ಲಿ ಬಿಳಿ ಕೋಲು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಟ್ಟೆ. ಅವರು ಕೂತು, ತಂದಿದ್ದ ಪೆನ್ ಡ್ರೈವ್ ಚುಚ್ಚಿ ಏನೋ ಒತ್ತಿದರು. ಕಂಪ್ಯೂಟರ್ ಪರದೆಯ ಮೇಲಿದ್ದದ್ದನ್ನು ಓದಿ ಹೇಳತೊಡಗಿತು, ನನಗೆ ಒಂದಕ್ಷರವೂ ತಿಳಿಯದಷ್ಟು ವೇಗವಾಗಿ. ಅವರು ಆರಾಮಾಗಿ ತಲೆಯಾಡಿಸುತ್ತಾ ಕೀಬೋರ್ಡ್ ಸವರಿದರು.

"ಎಡಗೈ ಬೆರಳಿಗೆ ಇಲ್ಲೊಂದು ಗೀರು ಸಿಗಬೇಕಿತ್ರಿ. ಏನೋ ಮೆತ್ತಿಕೊಂಡದ."

ಬಗ್ಗಿ ನೋಡಿದೆ. "ಖಂಡೇ ನವಮಿ ಆಯುಧ ಪೂಜಾದ ಕುಂಕುಮ ರೀ," ಅಂದೆ.

ಅವರು ನಕ್ಕು ಉಗುರಿನಿಂದ ಕೆರೆದರು. ಇಷ್ಟು ವರ್ಷ ಕುಟ್ಟಿದರೂ ನೋಡದೆಯೇ ಬೆರಳಿಗೆ ಜಾಗ ತಿಳಿಯಲೆಂದು ಆ ಗುಂಡಿಯ ಮೇಲೆ ಉಬ್ಬಿದ ಗೀರಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅವರ ಬೆರಳುಗಳು ಓಡಿದವು. ಒಂದು ತಪ್ಪೂ ಇಲ್ಲದೆ ಪುಟ ತುಂಬುತ್ತಾ ಹೋಯಿತು. ನಾನು ಚಹಾದ ಕಪ್ಪು ಹಿಡಿದು ನಿಂತೇ ಇದ್ದೆ.

"ನಿಮಗ ಟ್ಯಾಬ್ ಆಗೂದಿಲ್ಲೇನ್ರಿ?"

"ಓದಲಿಕ್ಕೆ ಆಗ್ತದ್ರಿ. ಬರೀಬೇಕಂದ್ರ ನನ್ನ ಬೆರಳಿಗೆ ದಾರಿ ಬೇಕು. ಗಾಜಿನ ಮ್ಯಾಲೆ ಎಲ್ಲಾ ಒಂದ ಸಮ." ಎದ್ದು ನಿಂತು ಹೇಳಿದರು, "ಪರದೆ ನೀವ ಇಟ್ಕೋರಿ. ನಮ್ಮನ್ಯಾಗ ಜಾಗಾ ಕಡಿಮಿ."

ಸಂಜೆ ನಾನೂ ಕಣ್ಣು ಮುಚ್ಚಿ ಟ್ಯಾಬಿನಲ್ಲಿ ಒಂದು ಸಾಲು ಬರೆಯಲು ಕೂತೆ. ಕಣ್ಣು ಬಿಡುವಷ್ಟರಲ್ಲಿ ವಿಡಿಯೋ ಕಾಲ್ ಹೋಗಿ, ಬೀಗರ ಮುಖ ಎದುರಿಗಿತ್ತು.

"ಪೂಜಾ ಮಾಡ್ಲಿಕ್ಕೆ ಕೂತೀರೇನ್ರಿ ಬೀಗರ?" ಅಂದರು.