ಮೂಡಲ ಕಿಂಡಿಗೆ ತುರುಕಿದ ಗೋಣಿ

ಮೈಸೂರು ಮಹಾರಾಜರು ಆಳುತ್ತಿದ್ದ ಕಾಲ ಅದು. ಮಾಡದಕೆರೆ ಕಡೆಯ ನಮ್ಮ ಊರಿನಲ್ಲಿ ಆಗ ಕೋಳಿಗೆ ಅಂತ ಯಾರೂ ಮನೆ ಕಟ್ಟುತ್ತಿರಲಿಲ್ಲ. ಸಂಜೆ ಬುಟ್ಟಿ ಕವುಚಿ ಮೇಲೊಂದು ಕಲ್ಲು ಹೇರಿದರೆ ಮುಗಿಯಿತು. ಕಟ್ಟಿದವಳು ತಿಪ್ಪಕ್ಕ ಒಬ್ಬಳೇ.

ತಿಪ್ಪಕ್ಕ ನಮ್ಮ ಪಕ್ಕದ ಮನೆಯವಳು. ಗಂಡ ಸತ್ತಿದ್ದ, ಹೊಲ ಇರಲಿಲ್ಲ. ಏಳೆಂಟು ಮನೆಯವರು ಅವಳಿಗೆ ಕೋಳಿಗಳನ್ನು ಪಾಲಿಗೆ ಬಿಟ್ಟಿದ್ದರು. ಹೇಂಟೆ ನಮ್ಮದು, ಸಾಕುವ ಕೆಲಸ ಅವಳದು, ಹುಟ್ಟಿದ ಮರಿಗಳಲ್ಲಿ ಅರ್ಧ ಅವಳಿಗೆ. ಅದರಿಂದಲೇ ಅವಳ ಒಲೆ ಉರಿಯುತ್ತಿತ್ತು. ನಮ್ಮಜ್ಜಿಯ ಹೇಂಟೆಗಳೂ ಅಲ್ಲೇ ಇದ್ದವು.

ಅವಳ ಗೂಡಿಗೆ ಮಣ್ಣಿನ ಗೋಡೆ, ಹುಲ್ಲಿನ ಹೊದಿಕೆ. ಪಡುವಲಿಗೆ ಮೂರು ಕಿಂಡಿ, ಮೂಡಲಿಗೆ ಮೂರು. ನೆಲಕ್ಕೆ ರಾಗಿ ಹೊಟ್ಟು ಹರಡಿ ಮೇಲೆ ಒಲೆಯ ಬೂದಿ ಉದುರಿಸುತ್ತಿದ್ದಳು. ಹೇನು ಹತ್ತದಿರಲಿ ಅಂತ ಲಕ್ಕಿ ಸೊಪ್ಪು ಕಟ್ಟುತ್ತಿದ್ದಳು. ನಲವತ್ತು ಕೋಳಿ ಇದ್ದರೂ ಆ ಗೂಡಿನಲ್ಲಿ ಲಕ್ಕಿ ಸೊಪ್ಪಿನ ವಾಸನೆ ಬರುತ್ತಿತ್ತೇ ಹೊರತು ಹಿಕ್ಕೆಯದಲ್ಲ. ನನಗೆ ಹತ್ತು ವರ್ಷ. ದಿನಾ ಅವಳ ಹಿಂದೆ ಸುತ್ತುತ್ತಿದ್ದೆ. ಬಿಸಿ ರಾಗಿ ರೊಟ್ಟಿಯ ಮೇಲೆ ಮೊಟ್ಟೆ ಒಡೆದು ಖಾರ ಉದುರಿಸಿ ಕೊಡುತ್ತಿದ್ದಳು. ಅದರ ಆಸೆಗೆ, ಬೇರೆ ಪ್ರೀತಿಗಲ್ಲ.

ಒಂದು ಶ್ರಾವಣದಲ್ಲಿ ಅವಳು ಹೊಳಲ್ಕೆರೆ ಕಡೆ ಮಗಳ ಹೆರಿಗೆಗೆ ಹೊರಟಳು. ಐದು ದಿನ ಗೂಡು ನೋಡಿಕೊಳ್ಳಲು ನನ್ನನ್ನು ಒಪ್ಪಿಸಿದಳು.

"ನೆಪ್ಪಿಟ್ಕ ಬೋರಿ. ಮಳೆಗಾಳಿ ಪಡುವ್ಲಿಂದ ಬೀಸ್ತೈತೆ, ಆ ಕಡೆ ಹಲಿಗೆ ಮುಚ್ಚು. ಮೂಡ್ಲ ಕಿಂಡಿ ಮಾತ್ರ ಯಾವತ್ತೂ ಮುಚ್ಚಬ್ಯಾಡ. ದಿನಾ ಹಸಿ ಹೊಟ್ಟು ತೆಗ್ದು ಒಣಗಿದ್ದು ಹಾಕು."

"ದಿನಾನಾ?"

"ದಿನಾ ಕಣೇ ಸೋಮಾರಿ. ಬೆಳಿಗ್ಗೆ ಬಾಗ್ಲು ತೆಗ್ದು ತಲೆ ಒಳಗಾಕು. ನಿನ್ನ ಕಣ್ಣು ಉರಿದ್ರೆ, ರಾತ್ರಿಯೆಲ್ಲಾ ಅವುಕ್ಕೂ ಉರ್ದೈತೆ ಅಂತ ತಿಳ್ಕ."

ಮೊದಲ ದಿನ ಹೇಳಿದಂತೆ ಮಾಡಿದೆ. ಎರಡನೆಯ ದಿನ ಜಡಿಮಳೆ ಹಿಡಿಯಿತು. ಪಡುವಲ ಹಲಗೆ ಮುಚ್ಚಿದೆ. ಕೋಳಿಗಳನ್ನು ಹೊರಗೆ ಬಿಟ್ಟರೆ ಕೆಸರು ತುಳಿದು ಬರುತ್ತವೆ, ಬಳಿಯುವವಳು ನಾನು. ಹಾಗಾಗಿ ಬಿಡಲಿಲ್ಲ. ಕಾಳು ಎರಚಿ, ನೀರಿಟ್ಟು, ಬಾಗಿಲು ಹಾಕಿ ಗೆಳತಿ ಸಣ್ಣೀರಿಯ ಮನೆಯ ಜಗಲಿಗೆ ಓಡಿದೆ. ಹುಣಸೆ ಬೀಜ ಉರುಳಿಸಿ ಚೌಕಾಬಾರ ಆಡುತ್ತಿದ್ದೆವು. ಆ ಜಗಲಿ ಗೂಡಿನ ಮೂಡಲಿಗೇ ಇತ್ತು.

ಸಂಜೆಯ ಹೊತ್ತಿಗೆ ಸಣ್ಣೀರಿ ಮೂಗು ಮುಚ್ಚಿಕೊಂಡಳು.

"ಏನೇ ಇದು ನಾತ! ಗೂಡಿಂದೋ, ನಿನ್ನ ಮೈದೋ?"

ಮಿಕ್ಕ ಹುಡುಗಿಯರು ಬಿದ್ದು ಬಿದ್ದು ನಕ್ಕರು. "ಬೋರೀನ ಬುಟ್ಟಿಲಿ ಕವುಚಿ ಹಾಕ್ರೇ, ನಾಳೆ ಮೊಟ್ಟೆ ಇಡ್ತಾಳೆ!"

ಹೊಟ್ಟು ಬದಲಿಸಿದ್ದರೆ ನಾತ ನಿಲ್ಲುತ್ತಿತ್ತು. ಅಷ್ಟು ಗೊತ್ತಿತ್ತು ನನಗೆ. ಆದರೆ ಆಟ ಅರ್ಧಕ್ಕೆ ನಿಂತಿತ್ತು. ಹರಿದ ಗೋಣಿಯ ಚೂರುಗಳನ್ನು ತಂದು ಮೂಡಲ ಮೂರು ಕಿಂಡಿಗೂ ಗಟ್ಟಿಯಾಗಿ ತುರುಕಿ ಬಂದೆ. ನಾತ ನಿಂತಿತು. ಆಟ ನಾನೇ ಗೆದ್ದೆ. ಮಾರನೆಯ ದಿನವೂ ಮಳೆ. ಬಾಗಿಲನ್ನು ಒಂದು ಗೇಣು ತೆಗೆದು ಕಾಳು ಎಸೆದೆ, ಒಳಗೆ ನೋಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಬಿಸಿ ಹಬೆ ಮುಖಕ್ಕೆ ಬಡಿಯಿತು. ಕಣ್ಣು ಬಿಡಲಾಗಲಿಲ್ಲ. ಕೋಳಿಗಳು ಬಾಗಿಲ ಬುಡದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಎಲ್ಲದರ ಕೊಕ್ಕೂ ಬಾಗಿಲ ಕೆಳಗಿನ ಸಂದಿಯ ಕಡೆಗೇ ಇತ್ತು. ಹಿಂದೆ ಹತ್ತೋ ಹನ್ನೆರಡೋ ಇನ್ನೂ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು.

ಮೊದಲು ನಾನು ಮಾಡಿದ್ದು ಏನು ಗೊತ್ತೆ? ಬದುಕಿದ್ದವನ್ನು ಹೊರಗೆ ಎತ್ತಲಿಲ್ಲ. ಸುತ್ತಿ ಹೋಗಿ ಗೋಣಿ ಕಿತ್ತು ತಿಪ್ಪೆಯಲ್ಲಿ ಹುಗಿದೆ. ಆಮೇಲೆ ಬಂದು ಕೂಗಿಕೊಂಡೆ. ಅಷ್ಟರಲ್ಲಿ ಇನ್ನೂ ಎರಡು ಸತ್ತಿದ್ದವು.

ಕೋಳಿಬೇನೆ ಅಂದರು ಜನ. ಆದರೆ ಬುಟ್ಟಿಯಲ್ಲಿದ್ದ ಊರ ಕೋಳಿಗಳೆಲ್ಲ ನೆಟ್ಟಗಿದ್ದವು. ತಿಪ್ಪಕ್ಕನ ಗೂಡೇ ಕೆಟ್ಟದ್ದು, ಅವಳ ಕೈಯೇ ಕೆಟ್ಟದ್ದು ಅನ್ನುವ ಮಾತು ಹುಟ್ಟಿತು.

ಮರುದಿನ ಮಧ್ಯಾಹ್ನ ತಿಪ್ಪಕ್ಕ ಬಂದಳು. ಕಂಕುಳಲ್ಲಿ ಗಂಟು ಹಾಗೇ ಇತ್ತು. ಗೂಡು ಸುತ್ತಿ, ಮೂಡಲ ಕಿಂಡಿಯೊಳಗೆ ಬೆರಳಾಡಿಸಿದಳು. ಗೋಣಿಯ ನಾರು ಎರಡೆಳೆ ಬೆರಳಿಗೆ ಬಂತು. ಎಲ್ಲರ ಎದುರು ಕೇಳಿದಳು.

"ಬೋರಿ, ಈ ಕಿಂಡಿ ತೆಗ್ದೇ ಇತ್ತೇನವ್ವ?"

"ಇತ್ತು."

ನಮ್ಮಜ್ಜಿ ಸಿಡುಕಿದಳು. "ನಮ್ಮ ಹುಡುಗಿ ಸುಳ್ಳು ಹೇಳ್ತಾಳೇನೇ? ಲೇ ಬೋರಿ, ದೀಪ ಹಚ್ಕಂಡು ಬಾ. ಆರಿಸಿ ಆಣೆ ಮಾಡು. ಇವಳ ಬಾಯಿ ಮುಚ್ಚಲಿ."

ಸುಳ್ಳಾಣೆ ಮಾಡಿ ದೀಪ ಆರಿಸಿದರೆ ಮನೆಯೇ ಆರಿಹೋಗುತ್ತದೆ ಅಂತ ನಂಬುತ್ತಿದ್ದ ಕಾಲ. ಆದರೂ ನಾನು ಹೋಗಿ ದೀಪ ತಂದೆ. ಆರಿಸಲೂ ಸಿದ್ಧಳಾಗಿದ್ದೆ.

ತಿಪ್ಪಕ್ಕ ಬೆರಳಿನ ನಾರನ್ನು ಸೆರಗಿಗೆ ಒರೆಸಿಕೊಂಡಳು. "ಬ್ಯಾಡ್ರಜ್ಜಿ, ಮಗೀನ ಕೈಲಿ ದೀಪ ಆರಿಸಬ್ಯಾಡ್ರಿ. ತಪ್ಪು ನಂದೇ. ಹಸಿ ಹೊಟ್ಟು ಹಾಕಿ ಹೋಗಿದ್ದೆ."

"ಮತ್ತೆ ಇಷ್ಟೊತ್ತು ಮಗೀನ ಯಾಕೆ ಕೆಣಕಿದೆ?" ಅಂದಳು ಅಜ್ಜಿ.

ಬದುಕಿದ್ದ ಕೋಳಿಗಳನ್ನು ಅವರವರು ಕಾಲು ಹಿಡಿದು ಒಯ್ದರು. ಅಜ್ಜಿ ನಮ್ಮವನ್ನು ನನ್ನ ಕೈಯಲ್ಲೇ ಹೊರಿಸಿದಳು. ಆಗ ಹಿರಿಯೂರು ಕಡೆ ಮಾರಿಕಣಿವೆಯಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟುತ್ತಿದ್ದರು. ವಾರದೊಳಗೆ ತಿಪ್ಪಕ್ಕ ಅಲ್ಲಿಗೆ ಕಲ್ಲು ಹೊರಲು ಹೋದಳು. ಮತ್ತೆ ಊರಿಗೆ ಬರಲಿಲ್ಲ. ಏನಾದಳೋ ನಾನು ವಿಚಾರಿಸಲೂ ಇಲ್ಲ.

ಈಗ ನನ್ನ ಮೊಮ್ಮಗ ಸಾವಿರ ಕೋಳಿಯ ಶೆಡ್ ಹಾಕಿದ್ದಾನೆ. ಎರಡು ಕಡೆಯೂ ಜಾಲರಿ, ನೆಲಕ್ಕೆ ಹೊಟ್ಟು. ಗಾಳಿ ಆಡಬೇಕು, ನೆಲ ಒಣಗಿರಬೇಕು ಅಂತ ಸರ್ಕಾರದವರು ಹೇಳಿಕೊಟ್ಟರಂತೆ. ಒಂದು ದಿನ ಅವನಿಗೆ ಇದೆಲ್ಲ ಹೇಳಿದೆ. "ಕೋಳಿ ತಾನೆ ಬಿಡಜ್ಜಿ" ಅಂದ.

ಬರೀ ಕೋಳಿಯ ಮಾತಾಗಿದ್ದರೆ ನಾನೂ ಬಿಡುತ್ತಿದ್ದೆ. ಆ ಶ್ರಾವಣದ ನಂತರ ನಮ್ಮೂರಲ್ಲಿ ಪಾಲಿಗೆ ಕೋಳಿ ಬಿಡುವುದೇ ನಿಂತುಹೋಯಿತು. ಗಂಡ ಸತ್ತವರು, ಗಂಡ ಬಿಟ್ಟವರು ಎಷ್ಟೋ ಜನ ಬಂದು ಬಾಗಿಲಲ್ಲಿ ನಿಂತು ಕೇಳಿದರು. "ತಿಪ್ಪಕ್ಕಂಗೆ ಕೊಟ್ಟಿದ್ದೇ ಸಾಕು" ಅಂತ ಎಲ್ಲ ಮನೆಯವರೂ ಕಳಿಸಿದರು. ನಾನು ಮದುವೆಯಾಗಿದ್ದು ಅದೇ ಊರಲ್ಲಿ. ನನ್ನ ಕೈಯಲ್ಲೂ ಹೇಂಟೆಗಳಿದ್ದವು. ಕೊಟ್ಟರೆ ಹಳೆಯ ಮಾತು ಏಳುತ್ತದೆ ಅಂತ ನಾನೂ ಅದನ್ನೇ ಹೇಳಿ ಕಳಿಸಿದೆ.