ಇಣುಕಿ ನೋಡಿ ಮುಚ್ಚುತ್ತಿದ್ದವನು

ಇವತ್ತು ಬೆಳಿಗ್ಗೆ ಒಲೆ ಮೇಲೆ ಹಾಲು ಒಡೆಯಿತು. ಹುಳಿ ವಾಸನೆ ಮೂಗಿಗೆ ಬಡಿದಿದ್ದೇ ತಡ, ಅವನು ನೆನಪಾದ. ಸೋಲೂರಿನ ಕಡೆ ನಾನು ಕ್ಯಾನು ತೊಳೆಯುತ್ತಿದ್ದ ಖಾಸಗಿ ಹಾಲಿನ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು.

ಕ್ಯಾನು ತಕ್ಕಡಿ ಮೇಲಿಟ್ಟರೆ ತೂಕದ ಸುದ್ದಿ ಕಂಪ್ಯೂಟರಿಗೆ ಹೋಗಿ ಸಾಲಾಗಿ ನಿಲ್ಲುತ್ತಿತ್ತು. ಚೀಟಿ ಹೊಡೆಯುವ ಪ್ರೋಗ್ರಾಂ ಒಂದೊಂದನ್ನೇ ಎತ್ತಿಕೊಳ್ಳುತ್ತಿತ್ತು. ಸಾಲು ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡುವುದು ಇವನ ಕೆಲಸ. ಆಗಾಗ ಇಣುಕುತ್ತಿದ್ದ, ತಕ್ಷಣ ಮುಚ್ಚುತ್ತಿದ್ದ. ಯಾಕೆ ಹಂಗೆ ಎಂದು ಕೇಳಿದ್ದೆ.

"ತೆರೆದಿಟ್ಕಂಡು ಕೂತ್ರೆ ತಕ್ಕಡಿಗೂ ಚೀಟಿಗೂ ಒಳೀಕೆ ಬರಕ್ಕೆ ಜಾಗ ಇರಾಕಿಲ್ಲ ಕಣವ್ವ. ಬಾಗ್ಲಲ್ಲಿ ಅಡ್ಡ ನಿಂತಂಗೆ ಆಯ್ತದೆ."

ಯಜಮಾನನಿಗೆ ಎಲ್ಲರ ಮೇಲೂ ಅನುಮಾನ. ಇವನು ಮುಚ್ಚಿ ಮುಚ್ಚಿ ಏನು ಮಾಡುತ್ತಾನೋ ಎಂದು ಒಂದು ದಿನ ತನ್ನ ಕೋಣೆಯ ಕಂಪ್ಯೂಟರಿನಲ್ಲೇ ಆ ಸಾಲು ತೆರೆದ. ಇವನು ಬೇಡ ಎಂದ. "ನನ್ನ ಹಾಲಿನ ಡೈರೀನ ನಿನ್ನ ಕೇಳಿ ನೋಡ್ಬೇಕೇನ್ಲಾ?" ಎಂದು ಗದರಿ, ತೆರೆದದ್ದನ್ನು ಹಂಗೇ ಬಿಟ್ಟು, ಕೋಣೆಗೆ ಬೀಗ ಹಾಕಿಕೊಂಡು ಮಾಗಡಿಗೆ ನಾಮಕರಣದ ಊಟಕ್ಕೆ ಹೋದ.

ತಕ್ಕಡಿ ಮೂಕಾಯಿತು, ಚೀಟಿಯೂ ನಿಂತಿತು. ಬೇಸಿಗೆ ಬಿಸಿಲು... ಆಟೋಗಳ ತುಂಬ ಕ್ಯಾನು. ಚೀಟಿ ಇಲ್ಲದೆ ಒಂದು ಹನಿಯೂ ಟ್ಯಾಂಕಿಗೆ ಸುರಿಯಬಾರದು ಎಂದು ಯಜಮಾನನದೇ ಕಟ್ಟಪ್ಪಣೆ. ಇವನು ಫೋನು ಮಾಡಿದರೆ ಯಜಮಾನ ಉಂಡು ಬತ್ತೀನಿ ಎಂದನಂತೆ. ಕರೆಂಟು ಕಿತ್ತು ಬಿಸಾಕು ಎಂದೆ ನಾನು. ಕಿತ್ತರೆ ಚೀಟಿಯಾಗದೆ ಸಾಲಿನಲ್ಲಿ ನಿಂತಿರುವ ಬೆಳಗಿನ ತೂಕವೆಲ್ಲ ಅಳಿಸಿ ಹೋಗುತ್ತದೆ, ಹಾಲು ಹಾಕಿದವರಿಗೆ ಅನ್ಯಾಯವಾಗುತ್ತದೆ ಎಂದು ಅವನು ಕೈ ಇಡಲಿಲ್ಲ.

ಯಜಮಾನ ತೇಗುತ್ತಾ ಬಂದು ಬೀಗ ತೆಗೆಯುವಷ್ಟರಲ್ಲಿ ಆಟೋದಲ್ಲಿದ್ದ ಹಾಲು ಕೆಟ್ಟಿತ್ತು. ಎಲ್ಲರೆದುರು ಇವನ ಕಡೆ ಕೈ ತೋರಿಸಿದ. "ಈ ನನ್ಮಗನೇ ಮಿಷನ್ ಕೆಡ್ಸವ್ನೆ."

ಅಷ್ಟು ಸಾಕಾಯಿತು. ಯಾರ ತೂಕ ಕಾಯುತ್ತಾ ಕೂತಿದ್ದನೋ ಅವರೇ ಅಂಗಿ ಹಿಡಿದು ಎಳೆದಾಡಿದರು. ಬೀಗ ಹಾಕಿದ್ದು ಯಜಮಾನ ಎಂದು ಕೂಗಿ ಹೇಳಿದೆ. ನೀನು ಕ್ಯಾನು ತೊಳಿ ಹೋಗವ್ವ ಎಂದು ನಕ್ಕರು.

ಅವತ್ತೇ ಅವನ ಕೆಲಸ ಹೋಯಿತು. ಹೊರಡುವಾಗ ನಲ್ಲಿ ಹತ್ತಿರ ಬಂದ. ಅಂಗಿ ಗುಂಡಿ ಕಿತ್ತುಹೋಗಿತ್ತು. "ಬೆಳಗಿನ ತೂಕ ಎಲ್ಲ ಉಳ್ಕಂಡವೆ ಕಣವ್ವ" ಎಂದ.

ಆಮೇಲೆ ಕನಕಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದನಂತೆ. ಹೋದ ವರ್ಷ ಸತ್ತನಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಎಳೆದಾಡಿದವರಲ್ಲಿ ಒಬ್ಬನೂ ಮಣ್ಣಿಗೆ ಹೋಗಲಿಲ್ಲವಂತೆ. ಯಜಮಾನ ಗಟ್ಟಿಮುಟ್ಟಾಗಿದ್ದಾನೆ.

ಒಡೆದ ಹಾಲಿಗೆ ಬೆಲ್ಲ ಹಾಕೋಣ ಎಂದಳು ಸೊಸೆ. ಬೇಡ ಎಂದೆ. ಚರಂಡಿಗೆ ಸುರಿದು, ಪಾತ್ರೆ ಉಜ್ಜಿ ಬೋರಲು ಹಾಕಿದೆ. ವಾಸನೆ ಇನ್ನೂ ಹೋಗಿಲ್ಲ.