ಕಾರ್ಕಿನಲ್ಲಿ ಕುಡಿದ ಎರಡನೇ ಬಟ್ಟಲು

ನಂದೀಶನಿಗೆ ಅನುಮಾನಪಡುವುದಕ್ಕೇ ಸಂಬಳ. ಅಚ್ಯುತಾಪುರಂನ ಔಷಧ ಕಾರ್ಖಾನೆಯೊಂದರಲ್ಲಿ ಕೂತು, ಬಂದ ಪುಡಿ ಹೇಳಿದ ಪುಡಿಯೇ ಹೌದೋ, ನೀರು ನಿಜಕ್ಕೂ ನೀರೋ ಎಂದು ನೋಡಿ ಸಹಿ ಹಾಕುವುದು ಅವನ ಕೆಲಸ. ತಿಪಟೂರಿನಿಂದ ವಿಶಾಖಪಟ್ಟಣಕ್ಕೆ ಬಂದ ನಾಲ್ಕು ವರ್ಷದಲ್ಲಿ ಆ ಕೆಲಸ ಕಾರ್ಖಾನೆಯ ಗೇಟು ದಾಟಿ ಬಾಡಿಗೆ ಮನೆಗೂ ಬಂದಿತ್ತು. ಮನೆಯೊಡತಿ ಹೈಮಾವತಿಯಮ್ಮ ಪ್ರೀತಿಯಿಂದ ಗೋಂಗೂರ ಪಚ್ಚಡಿ, ಅಂದರೆ ಪುಂಡಿಸೊಪ್ಪಿನ ಚಟ್ನಿ, ಕೊಟ್ಟರೆ ಮೊದಲು ಮೂಸುತ್ತಿದ್ದ. "ವಿಷಂ ಕಲಪಲೇದು ಬಾಬೂ, ತಿನು" ಎಂದು, ವಿಷ ಬೆರೆಸಿಲ್ಲ ತಿನ್ನು ಎಂದು, ಆಕೆ ತೆಲುಗಿನಲ್ಲಿ ಗದರಿದ ಮೇಲೆಯೇ ತುತ್ತು ಒಳಗಿಳಿಯುತ್ತಿತ್ತು.

ಅವನ ಕಸುಬಿಗೆ ಒಂದು ಕಟ್ಟಳೆಯಿದೆ. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಅಡಿಯ ಅಕ್ಷರ ಓದುವ ಹಾಗೇ ಇರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ದಿನಾಂಕ ಹಾಕಬೇಕು. ನಂದೀಶನಿಗೆ ಇದು ಬೆರಳಿಗೇ ಅಂಟಿದ ರೋಗ. ದಿನಸಿ ಚೀಟಿಯಲ್ಲಿ ತೊಗರಿಬೇಳೆಯ ಬದಲು ಕಡಲೆಬೇಳೆ ಎಂದು ಬರೆದುಬಿಟ್ಟರೂ ಗೆರೆ ಬೀಳುತ್ತಿತ್ತು, ಸಹಿ ಬೀಳುತ್ತಿತ್ತು. ಅಂಗಡಿಯವನು ಅದನ್ನು ಬ್ಯಾಂಕಿನ ಚೆಕ್ಕಿನಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದ.

ಇಂಥವನನ್ನು ಕಂಪನಿ ಹೊಸ ಯಂತ್ರವೊಂದನ್ನು ಪರೀಕ್ಷಿಸಲು ಒಂಬತ್ತು ದಿನ ಐರ್ಲೆಂಡಿನ ಕಾರ್ಕ್ ಪಟ್ಟಣಕ್ಕೆ ಕಳಿಸಿತು. ಹೊರಡುವ ವಾರವೇ ವಿಜಯವಾಡದಲ್ಲಿ ಅವನ ಮದುವೆಯ ಮಾತು ಅರ್ಧ ಮುಗಿದಿತ್ತು. ಹುಡುಗಿ ತೃಪ್ತಿ, ಅಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಒಂದೇ ಭೇಟಿಯಲ್ಲಿ ನಂದೀಶ ಸೋತಿದ್ದ. ಅವಳ ಅಪ್ಪ ಚಂದ್ರಮೌಳಿ ಚಿತ್ರದುರ್ಗದವರು, ಬ್ಯಾಂಕ್ ಅಧಿಕಾರಿ, ವರ್ಗವಾಗಿ ಬಂದು ಆಂಧ್ರದಲ್ಲೇ ಇಪ್ಪತ್ತು ವರ್ಷ ಕಳೆದವರು. ಅವರು ಕೇಳಿದ್ದು ಒಂದೇ: "ನಮ್ಮ ಮನೇಲಿ ಮೊಟ್ಟೆ ಕೂಡ ಒಡೆದಿಲ್ಲ. ಅಲ್ಲಿ ಹೋಗಿ ಏನೇನೋ ತಿಂದು ಬರ್ಬೇಡಿ. ಬಂದ್ಮೇಲೆ ಮಾತಾಡೋಣ."

ನಂದೀಶ ಮೂರು ಕೆಜಿ ಅವಲಕ್ಕಿ, ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಂಡು ಹೋದ. ತಿಂದದ್ದನ್ನೆಲ್ಲ ಜೇಬಿನ ನೋಟ್‌ಬುಕ್ಕಿನಲ್ಲಿ ಸಮಯದ ಸಮೇತ ಕನ್ನಡದಲ್ಲಿ ಬರೆದಿಟ್ಟ. ಶನಿವಾರ ಕೆಲಸವಿರಲಿಲ್ಲ; ಆ ಊರಿನ ಹಳೆಯ ಮಾರುಕಟ್ಟೆಯಲ್ಲಿ ಪ್ರವಾಸಿಗಳಿಗೆ ಊಟದ ರುಚಿ ತೋರಿಸುವ ನಡಿಗೆಗೆ ಸೇರಿಕೊಂಡ. ಉಳಿದ ಪ್ರವಾಸಿಗಳು ತಿಂದರು, ಇವನು ತನಿಖೆ ಮಾಡಿದ. ಸೋಡಾ ಬ್ರೆಡ್ಡು: ಗೋಧಿ, ಮಜ್ಜಿಗೆ, ಸೋಡಾ, ಪಾಸು. ಆಲೂಗಡ್ಡೆ ತುರಿದು ಕಾವಲಿಯ ಮೇಲೆ ಹುಯ್ದ ಬಾಕ್ಸ್‌ಟಿ: ನಮ್ಮ ದೋಸೆಯ ದೂರದ ನೆಂಟ, ಪಾಸು, ಆದರೆ ಅದೇ ಕಾವಲಿಯಲ್ಲಿ ಇನ್ನೇನು ಬೇಯಿಸುತ್ತೀರಿ? ಚೀಸು: ಹಾಲು ಒಡೆಯಲು ಹಾಕಿದ್ದು ಏನು, ಕರುವಿನ ಹೊಟ್ಟೆಯದೇ? ಫೇಲು. ಹಂದಿಯ ರಕ್ತ ಸೇರಿಸಿ ಮಾಡಿದ ಕಪ್ಪು ಬಿಲ್ಲೆಗಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದವನು ಹಿಂದಿದ್ದ ಜರ್ಮನ್ ಹೆಂಗಸಿನ ಕಾಲು ತುಳಿದ. ಗೈಡು ನಗುತ್ತಲೇ ಇದ್ದಳು. ಆ ನಗುವಿನ ಮೇಲೂ ಅವನಿಗೆ ನಂಬಿಕೆ ಬರಲಿಲ್ಲ.

ಹೊರಗೆ ಮಳೆ, ಮೂಳೆ ಕೊರೆಯುವ ಚಳಿ. ಕೊನೆಯ ಅಂಗಡಿಯ ಅಜ್ಜಿ ಆಲೂಗಡ್ಡೆ, ಈರುಳ್ಳಿ ಸೊಪ್ಪಿನ ಸೂಪು ಕೊಟ್ಟಳು. ಕೆನೆ ಬಣ್ಣ, ಮೇಲೆ ಒಂದು ತುಣುಕು ಬೆಣ್ಣೆ. ನಂದೀಶ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದ, ಕುಡಿದ. ಆಮೇಲೆ ವಿಚಾರಿಸಿದ.

ವಿಜಯವಾಡದಲ್ಲಿ ಚಂದ್ರಮೌಳಿ ಆ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು.

ವಿಶಾಖಪಟ್ಟಣಕ್ಕೆ ಮರಳಿದ ಮೇಲಿನ ಭಾನುವಾರ ನಂದೀಶ ವಿಜಯವಾಡಕ್ಕೆ ಬೆಳಗಿನ ರೈಲು ಹತ್ತಿದ. ತುನಿ ದಾಟುವಾಗ ನೋಟ್‌ಬುಕ್ಕಿನ ಶನಿವಾರದ ಪುಟ ತೆರೆದ. ಸಾಕ್ಷಿ ಕೈಯಲ್ಲಿದ್ದರೆ ಹುಡುಗಿ ಸಿಗುತ್ತಾಳೆ. ಈ ಒಂದು ಸಾಲು ಮಾತ್ರ ಅಡ್ಡ. ಪೆನ್ನು ತೆಗೆದು ತಿದ್ದಿ, ನಿಟ್ಟುಸಿರು ಬಿಟ್ಟು, ಸಾಮರ್ಲಕೋಟದಲ್ಲಿ ಇಡ್ಲಿ ತಿಂದ.

ಮನೆಯಲ್ಲಿ ಚಂದ್ರಮೌಳಿ ಕುಶಲ ವಿಚಾರಿಸಿ ಮುಗಿಸುವ ಮೊದಲೇ ಕೇಳಿದರು. "ಆ ಬಟ್ಟಲಲ್ಲಿ ಏನಿತ್ತು?"

"ತರಕಾರಿ ಸೂಪು, ಸರ್. ಬೇಕಾದ್ರೆ ದಾಖಲೆ ಇದೆ." ನಂದೀಶ ಜಂಬದಿಂದ ನೋಟ್‌ಬುಕ್ಕು ಚಾಚಿದ.

ಚಂದ್ರಮೌಳಿ ಕನ್ನಡಕ ಹಾಕಿಕೊಂಡರು. ಓದಿದರು. ಮತ್ತೆ ಓದಿದರು. ಆಮೇಲೆ ಗಟ್ಟಿಯಾಗಿ ಓದತೊಡಗಿದರು.

"'ಕೋಳಿ ಮೂಳೆ ಬೇಯಿಸಿದ ನೀರಿನ ಸೂಪು.' ಇದರ ಮೇಲೊಂದು ಗೆರೆ. ಪಕ್ಕದಲ್ಲಿ 'ತರಕಾರಿ ಸೂಪು.' ಸಹಿ. ಇವತ್ತಿನ ತಾರೀಖು."

ಸುಳ್ಳನ್ನೂ ನಂದೀಶ ಕಟ್ಟಳೆಯ ಪ್ರಕಾರವೇ ಬರೆದಿದ್ದ.

"ಮೂವತ್ತು ವರ್ಷದಿಂದ ತಿದ್ದಿದ ಕಾಗದ ನೋಡ್ತಿದೀನಿ," ಎಂದರು ಚಂದ್ರಮೌಳಿ. "ಬ್ಲೇಡಲ್ಲಿ ಕೆರೆದೋರು, ಸುಣ್ಣ ಬಳಿದಂಗೆ ಬಿಳಿ ಬಳಿದೋರು, ಟೀ ಚೆಲ್ಲಿದೋರು, ಎಲ್ಲಾ ನೋಡಿದೀನಿ. ತಿದ್ದಿದ್ದಕ್ಕೆ ಸಹಿ ಹಾಕಿದ ಕಳ್ಳನ್ನ ಇವತ್ತೇ ನೋಡಿದ್ದು."

ಬಾಗಿಲ ಬಳಿ ತೃಪ್ತಿ ಕಿಸಕ್ಕೆಂದು, ಅಪ್ಪನಿಗೆ ತೆಲುಗು ಬೆರೆಸಿ ಹೇಳಿದಳು. "ನಮ್ಮ ಲ್ಯಾಬಲ್ಲೂ ಇದೇ ರೂಲು, ನಾನ್ನಾ. ಗೆರೆ ಚೆನ್ನಾಗೇ ಎಳ್ದಿದಾರೆ ಕದಾ!"

"ಸುಮ್ನಿರು. ಇನ್ನೂ ಇದೆ." ಅವರ ಬೆರಳು, ರೈಲಿನಲ್ಲಿ ನಂದೀಶನ ಕಣ್ಣಿಗೆ ಬೀಳದೆ ಉಳಿದ ಸಾಲುಗಳಿಗೆ ಇಳಿಯಿತು. "ಹನ್ನೊಂದು ನಲವತ್ತು, ಮೊದಲನೇ ಬಟ್ಟಲು. ಹನ್ನೊಂದು ಐವತ್ತು, ಅಜ್ಜಿಯನ್ನು ಕೇಳಿದೆ, ಕೋಳಿ ಎಂದಳು. ಹನ್ನೊಂದು ಐವತ್ತೆಂಟು..." ತಲೆಯೆತ್ತಿದರು. "ಎರಡನೇ ಬಟ್ಟಲು?"

ಮೊದಲನೆಯದು ತಿಳಿಯದೆ ಆದದ್ದು, ಅದನ್ನು ಯಾವ ದೇವರಾದರೂ ಮಾಫಿ ಮಾಡುತ್ತಾನೆ. ಎರಡನೆಯದು ತಿಳಿದೇ ಕುಡಿದದ್ದು. ಸೋಫಾದ ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಚಂದ್ರಮೌಳಿಯ ತಾಯಿ ರಾಜಮ್ಮ ತಲೆಯೆತ್ತದೆ ಕೇಳಿದರು.

"ರುಚಿಯಾಗಿತ್ತೇನಪ್ಪ?"

ಇಲ್ಲ ಎನ್ನಬಹುದಿತ್ತು. ಅವನು ತೃಪ್ತಿಯ ಮುಖ ನೋಡಿದ. ಅಲ್ಲಿದ್ದ ನಗು ಮಾಯವಾಗಿತ್ತು, ಅವಳೂ ಕಾಯುತ್ತಿದ್ದಳು.

"ತುಂಬಾ ಚೆನ್ನಾಗಿತ್ತು, ಅಜ್ಜಿ. ಚಳಿ ಬೇರೆ. ಗೊತ್ತಾದ್ಮೇಲೂ ಕುಡ್ದೆ. ಮೂರನೇದೂ ಕೇಳ್ತಿದ್ದೆ, ಗೈಡು ಕರ್ಕೊಂಡು ಹೋಗ್ಬಿಟ್ಲು."

ತೃಪ್ತಿ ಬಂದು ಅಪ್ಪನ ಜೇಬಿನಿಂದ ಪೆನ್ನು ತೆಗೆದು ನಂದೀಶನ ಮುಂದೆ ಹಿಡಿದಳು. "ತಗೊಳ್ಳಿ. ತಪ್ಪು ತಿದ್ದಿದ್ದೀರಲ್ಲಾ, ಅದ್ನ ಸರಿ ಮಾಡಿ."

ನಂದೀಶ 'ತರಕಾರಿ ಸೂಪು' ಎಂಬುದರ ಮೇಲೆ ಗೆರೆ ಎಳೆದ. 'ಮೊದಲು ಬರೆದದ್ದೇ ಸರಿ' ಎಂದು ಬರೆದು ಸಹಿ ಹಾಕಿದ. ಅದರ ಕೆಳಗೆ 'ಪರಿಶೀಲಿಸಿದವರು' ಎಂದು ಬರೆದು ತೃಪ್ತಿ ತನ್ನ ಸಹಿ ಹಾಕಿದಳು, ತೆಲುಗಿನಲ್ಲಿ.

ಚಂದ್ರಮೌಳಿ ಆ ಸಹಿಯನ್ನು ಬಹಳ ಹೊತ್ತು ನೋಡಿದರು. ಮಗಳು ಸುಮ್ಮನೆ ಎಲ್ಲೂ ಸಹಿ ಹಾಕುವವಳಲ್ಲ ಎಂಬುದು ಅವರಿಗೆ ಗೊತ್ತಿತ್ತು. "ಅಮ್ಮ, ಎಲೆ ಹಾಕ್ಸು," ಎಂದರು ಕೊನೆಗೆ.

ಊಟಕ್ಕೆ ಕೂತರು. ರಾಜಮ್ಮ ಸಾರು ಬಡಿಸಿದರು. ನಂದೀಶನ ಮೂಗು ತಾನಾಗಿಯೇ ಬಾಗಿತು. ತೃಪ್ತಿ ಕಣ್ಣು ಬಿಟ್ಟಳು. ಮೂಗು ವಾಪಸು ಬಂತು. ಚಂದ್ರಮೌಳಿ ಮಾತ್ರ ನೋಟ್‌ಬುಕ್ಕನ್ನು ಎಲೆಯ ಪಕ್ಕದಲ್ಲೇ ಇಟ್ಟುಕೊಂಡು ಎಡಗೈಯಲ್ಲಿ ಹಾಳೆ ಮಗುಚುತ್ತಿದ್ದರು.

"ಗುರುವಾರದ ಪುಟದಲ್ಲಿ ಒಂದೇ ಸಾಲಿದೆಯಲ್ಲಾ?"

"ಗುರುವಾರ ಬರೀ ಅವಲಕ್ಕಿ, ಮಾವ."

'ಮಾವ' ಎಂಬ ಮಾತು ಬಾಯಿಂದ ಜಾರಿಬಿಟ್ಟಿತ್ತು. ನಂದೀಶ ತುತ್ತು ಕೈಯಲ್ಲೇ ಹಿಡಿದು ಕೂತ. ಚಂದ್ರಮೌಳಿ ಕನ್ನಡಕದ ಮೇಲಿಂದ ಅವನನ್ನೇ ದಿಟ್ಟಿಸಿದರು.

"ಯಾವ ಅವಲಕ್ಕಿನಪ್ಪ ನಿಂದು? ಗಟ್ಟಿಯೋ, ತೆಳುವೋ?"